ಜೋಡಿ ಡಿಸ್ಕು ಮತ್ತು ನನ್ನ ಪುಕ್ಕಲು ಎದೆ

ನಾನು ಹೆದರಿ ಸಾಯುವಾಗಲೇ ಬೇರೆಯವರಿಗೆ ನಗು ಬರುವಂಥದ್ದು ಏನಾದರೂ ನಡೆಯುತ್ತದೆ. ಇಷ್ಟು ವರ್ಷವಾದರೂ ತಪ್ಪಿಲ್ಲ. ನನ್ನದು ಜೋಡಿ ಡಿಸ್ಕುಗಳ ರಿಪೇರಿ. ಒಂದು ಡಿಸ್ಕು ಗಿರಾಕಿಯ ಅಂಗಡಿಯ ಕಂಪ್ಯೂಟರಿನಲ್ಲಿ, ಇನ್ನೊಂದು ನೆಟ್‌ವರ್ಕಿನ ಆಚೆ ತುದಿಯಲ್ಲಿ. ಇದರಲ್ಲಿ ಬರೆದದ್ದು ಅದರಲ್ಲೂ ಮೂಡಬೇಕು. ಒಂದು ಸತ್ತರೂ ಇನ್ನೊಂದಿದೆ ಎಂದು ಗಿರಾಕಿ ಆರಾಮಾಗಿರುತ್ತಾನೆ. ಅವನ ಪಾಲಿನ ಭಯವೂ ನನಗೇ ಬರುತ್ತದೆ.

ಬಾದಾಮಿಯ ಮಾಳಿಗೆ

ಬಾದಾಮಿಯ ಫೋಟೋ ಸ್ಟುಡಿಯೋದ ಕಂಪ್ಯೂಟರ್ ಆಗಾಗ ಕಲ್ಲಾಗಿ ನಿಂತುಬಿಡುತ್ತಿತ್ತು. ಎರಡನೆಯ ಡಿಸ್ಕು ಹಿಂದಿನ ಓಣಿಯ ಮಾಲೀಕರ ಮನೆಯಲ್ಲಿ. ಅದು ಉತ್ತರ ಕೊಡುವವರೆಗೆ ಇದು ಕಾಯುತ್ತದೆ. ಎರಡರ ನಡುವಿನ ವೈರಿನ ಜಾಡು ಹಿಡಿದು ಮಾಳಿಗೆ ಹತ್ತಿದೆ. ದಪ್ಪ ಮಂಗವೊಂದು ವೈರು ಜಗಿಯುತ್ತ ಕೂತಿತ್ತು. ನನ್ನನ್ನು ಕಂಡು ಹಲ್ಲು ತೋರಿಸಿತು. ನಾನು ಒಂದೊಂದೇ ಹೆಜ್ಜೆ ಹಿಂದೆ ಸರಿದೆ.

ಕೆಳಗಿನಿಂದ ಮಾಲೀಕರು ಕೂಗಿದರು: "ಅಂಜಬ್ಯಾಡ್ರಿ ಸರ, ಅದು ಏನೂ ಮಾಡೂದಿಲ್ಲ!"

"ಹಂಗಾರ ನೀವೂ ಮ್ಯಾಲ ಬರ್ರಿ!"

"ನಾ ಒಲ್ಲೆರಿ. ಅದಕ್ಕ ನನ್ನ ಗುರುತು ಐತಿ!"

ಡಾಕ್ಟರ ಬಿ.ಪಿ.

ಬಾಗಲಕೋಟೆಯ ಡಾಕ್ಟರೊಬ್ಬರು ಎಕ್ಸ್‌ರೇ ಚಿತ್ರಗಳನ್ನೆಲ್ಲ ಕೈತಪ್ಪಿ ಅಳಿಸಿದ್ದರು. "ಇರಲಿ ಬಿಡ್ರಿ, ಇನ್ನೊಂದು ಡಿಸ್ಕಿನ್ಯಾಗ ಇರ್ತಾವಲ್ಲ" ಎಂದರು.

"ಇಲ್ರಿ ಸರ. ನೀವು ಇಲ್ಲಿ ಅಳಿಸಿದ ಕೂಡಲೇ ಅಲ್ಲೂ ಅಳಿಸ್ಯಾವು."

"ಒಂದು ಕೆಟ್ಟರ ಇನ್ನೊಂದು ಅಂದಿದ್ರಿ?"

"ಎರಡೂ ಕೆಟ್ಟಿಲ್ರಿ. ಎರಡೂ ನೀವು ಹೇಳಿದ ಮಾತು ಕೇಳ್ಯಾವು."

ಡಾಕ್ಟರು ಬಿಳಿಚಿಕೊಂಡು ತಮ್ಮ ಬಿ.ಪಿ. ನೋಡಿಕೊಂಡರು. ಆಮೇಲೆ ನನ್ನ ಮುಖ ನೋಡಿ ನನ್ನ ತೋಳಿಗೂ ಬಿ.ಪಿ. ಪಟ್ಟಿ ಕಟ್ಟಿದರು. ಚಿತ್ರಗಳು ಎಕ್ಸ್‌ರೇ ಯಂತ್ರದಲ್ಲೇ ಉಳಿದಿದ್ದವು, ಸಿಕ್ಕವು. ಅವರು ಅಂದು ಬರೆದುಕೊಟ್ಟ ಗುಳಿಗೆಯನ್ನು ಮಾತ್ರ ನಾನಿನ್ನೂ ನುಂಗುತ್ತಿದ್ದೇನೆ.

ಹೂವಿನ ಅಪ್ಪಣೆ

ಇಳಕಲ್ಲಿನ ಸೀರೆ ಸಾವ್ಕಾರರ ಅಂಗಡಿಯ ಡಿಸ್ಕು ಸತ್ತಿತು. ಅವರಪ್ಪನ ಕಾಲದ ಸೆರಗು, ದಡಿಗಳ ನಮೂನೆಗಳೆಲ್ಲ ಉಳಿದದ್ದು ಹುನಗುಂದದಲ್ಲಿ, ಅವರ ಅಕ್ಕನ ಮನೆಯಲ್ಲಿಟ್ಟಿದ್ದ ಜೋಡಿ ಡಿಸ್ಕಿನಲ್ಲಿ ಮಾತ್ರ. ಅಂಗಡಿಗೆ ಹೊಸ ಖಾಲಿ ಡಿಸ್ಕು ಹಾಕಿದೆ. ಇನ್ನು ಹುನಗುಂದದಿಂದ ಇಳಕಲ್ಲಿಗೆ ನಕಲಾಗಬೇಕು. ದಿಕ್ಕು ತಿರುಗಿದರೆ ಖಾಲಿ ಡಿಸ್ಕು ತುಂಬಿದ್ದನ್ನೂ ಖಾಲಿ ಮಾಡುತ್ತದೆ. ಮತ್ತೆ ಮತ್ತೆ ಓದಿ ನೋಡಿದೆ. ಒತ್ತಲು ಚಾಚಿದ ಬೆರಳನ್ನು ಹಿಂದಕ್ಕೆ ಎಳೆದುಕೊಂಡೆ.

ಸಾವ್ಕಾರರು ಅದನ್ನು ಕಂಡರು. "ತಡೀರಿ, ಹೂವಾ ಕೇಳೂಣು" ಎಂದು ದೇವರ ಫೋಟೋದ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿ ಕೈಮುಗಿದರು. "ಬಲಕ್ಕ ಬಿದ್ರ ಇಳಕಲ್ಲಿಂದ ಹುನಗುಂದಕ್ಕ. ಎಡಕ್ಕ ಬಿದ್ರ ಹುನಗುಂದದಿಂದ ಇಳಕಲ್ಲಿಗೆ."

ಬಲಗಡೆಯ ಹೂವು ಬಿತ್ತು.

"ಅಪ್ಪಣಿ ಆತು. ಒತ್ತರಿ!"

ನಾನು ಚೀರಿದೆ: "ಇಳಕಲ್ಲಿಂದು ಖಾಲಿ ಐತ್ರಿ ಸಾವ್ಕಾರ್ರ! ಎಲ್ಲಾ ಹೋಗತಾವು!"

"ದೇವರಿಗಿಂತ ನಿಮಗ ಭಾಳ ತಿಳೀತೈತೇನ್ರಿ?" ಎನ್ನುತ್ತ ಅವರೇ ಕೀಬೋರ್ಡಿಗೆ ಕೈ ಹಾಕಿದರು.

ಭಯಕ್ಕೆ ನನಗೆ ಬುದ್ಧಿ ಹುಟ್ಟಿತು. "ದೇವರು ನಮ್ಮ ಕಡೆ ಮಾರಿ ಮಾಡಿ ಕುಂತಾನ್ರಿ! ನಮ್ಮ ಬಲಾ ಅಂದ್ರ ಅವನ ಎಡಾ!"

ಸಾವ್ಕಾರರು ಫೋಟೋ ನೋಡಿದರು, ತಮ್ಮ ಎರಡೂ ಕೈ ನೋಡಿಕೊಂಡರು. "ಖರೆ ಐತಿ" ಎಂದರು. ಹುನಗುಂದದಿಂದ ಇಳಕಲ್ಲಿಗೆ ಎಂದು ಒತ್ತಿದೆ. ನಕಲು ಮುಗಿದು ಪರದೆಯ ಮೇಲೆ ನಮೂನೆಗಳು ಮೂಡಿದಾಗ ನನಗೆ ಅಳುವೇ ಬಂತು.

ಸಾವ್ಕಾರರು ಮಾತ್ರ ಬೆವರುತ್ತಿದ್ದರು. ಆಚೆ ಸೀರೆ ಮಡಚುತ್ತಿದ್ದ ಅಳಿಯನನ್ನು ಒಮ್ಮೆ ನೋಡಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

"ಸರ, ಯಾರ ಮುಂದೂ ಹೇಳಬ್ಯಾಡ್ರಿ. ಇವನ ಸಂಬಂಧ ಬಂದಾಗೂ ಹೂವಾ ಕೇಳಿದ್ವಿ. ಆಗ ನಮ್ಮ ಬಲಾನ ಹಿಡದಿದ್ವಿ."