ಕ್ಲೋರಿಂದೋ ಎತ್ತಿದ ಚೀಟಿ

ಎಲ್ಲಕ್ಕೂ ಕಾರಣ ಒಂದು ಸೂರ್ಯಕಾಂತಿ ಬೀಜ. ಅದನ್ನು ಚೀಟಿಯ ಮಡಿಕೆಯೊಳಗೆ ಇಡದೇ ಹೋಗಿದ್ದರೆ ಎವರಿಸ್ತೋನ ಬದುಕು ಹೇಗೋ ನಡೆದುಕೊಂಡು ಹೋಗುತ್ತಿತ್ತು.

ವಾಲ್‌ಪರೈಸೋ ಊರಿನ ಗುಡ್ಡದ ಮೇಲಿನ ಪುಟ್ಟ ಚೌಕದಲ್ಲಿ ಎವರಿಸ್ತೋ ಹಿಡಿ ತಿರುಗಿಸಿ ಸಂಗೀತದ ಪೆಟ್ಟಿಗೆ ನುಡಿಸುವವನು. ಪೆಟ್ಟಿಗೆಯ ಮೇಲೆ ಅವನ ಗಿಳಿ ಕ್ಲೋರಿಂದೋ. ಬಂದವರಿಗೆಲ್ಲ ಕ್ಲೋರಿಂದೋ ಖಾನೆಯಿಂದ ಒಂದು ಬಣ್ಣದ ಚೀಟಿ ಎತ್ತಿಕೊಡುತ್ತಿದ್ದ. ಅದರಲ್ಲಿ ಆ ದಿನದ ಬುದ್ಧಿಮಾತು. 'ಸೂಪು ಆರುವ ತನಕ ಯಾರ ಮೇಲೂ ಸಿಟ್ಟಾಗಬೇಡ.' 'ಕಳೆದುಹೋದ ಕೊಡೆಯನ್ನು ಬಿಸಿಲಿರುವಾಗಲೇ ಹುಡುಕು.' ಬೆಳಿಗ್ಗೆ ಚಹಾ ಕುಡಿಯುತ್ತ ಇವನ್ನೆಲ್ಲ ಹೊಸೆಯುತ್ತಿದ್ದವನು ಎವರಿಸ್ತೋನೇ. ಆದರೆ ಆ ಸತ್ಯ ಚೌಕದಲ್ಲಿ ಯಾರಿಗೂ ಬೇಕಿರಲಿಲ್ಲ. ಮಾತು ಗಿಳಿಯದು, ಚೀಟಿಗೆ ಯಜಮಾನನ ಕೈ ತಗುಲಿದರೆ ಅದೃಷ್ಟ ಕೆಟ್ಟಿತು ಎಂದು ಎಲ್ಲರೂ ನಂಬಿದ್ದರು.

ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ಎದುರು ಮೂಲೆಯಲ್ಲಿ ಎಂಪನಾದಾ ಕಡುಬು ಕರಿದು ಮಾರುವ ಒತೀಲಿಯಾ. ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡ ವಾರ ಅವಳಿಗೆ ಬಂದ ಚೀಟಿಯಲ್ಲಿ 'ಅತ್ತಾದ ಮೇಲೆ ಮುಖ ತೊಳೆದು ಒಲೆ ಹಚ್ಚು' ಎಂದಿತ್ತು. ಅವಳು ಮುಖ ತೊಳೆದಳು, ಒಲೆ ಹಚ್ಚಿದಳು. ಅಂದಿನಿಂದ ಚೀಟಿ ಇಲ್ಲದೆ ಅವಳ ದಿನ ಶುರುವಾದದ್ದಿಲ್ಲ. ಅಂದಿನಿಂದ ಎವರಿಸ್ತೋ ಬರೆದದ್ದೆಲ್ಲ ಅವಳಿಗಾಗಿಯೇ. ಬಾಯಿಬಿಟ್ಟು ಹೇಳಿದ್ದು ಮಾತ್ರ, "ಇವತ್ತು ಗಾಳಿ ಜೋರು, ದೋನ್ಯಾ ಒತೀಲಿಯಾ." ಗಾಳಿ ಇಲ್ಲದ ದಿನ ಅದೂ ಇಲ್ಲ.

ಈಗ ಒತೀಲಿಯಾ ಹೊರಟು ನಿಂತಿದ್ದಳು. ದಕ್ಷಿಣದ ಒಸೋರ್ನೋದಲ್ಲಿರುವ ಅಕ್ಕನ ಮನೆಗೆ, ಇಂದು ಸಂಜೆ ಐದರ ಬಸ್ಸಿಗೆ, ಕಾಯಂ ಆಗಿ.

"ನಾಲ್ಕಕ್ಕೆ ಬಂದು ಕೊನೇ ಚೀಟಿ ತಗೋತೀನಿ, ದೋನ್ ಎವರಿಸ್ತೋ," ಎಂದಿದ್ದಳು. "ಕ್ಲೋರಿಂದೋ ಬೇಡ ಅಂದ್ರೆ ಇಲ್ಲೇ ಗಂಟು ಬಿಚ್ಚಿಬಿಡ್ತೀನಿ, ನೋಡಿ."

ನಗುತ್ತಲೇ ಹೇಳಿದ್ದಳು. ಎವರಿಸ್ತೋ ಮಾತ್ರ ಅದನ್ನು ನಿಜವೆಂದೇ ಹಿಡಿದ.

ಬೆಳಿಗ್ಗೆ ಕೂತು ಬರೆದ: 'ದಿನವೂ ನಿನ್ನ ಎದುರಿಗೇ ಇರುವವನೊಬ್ಬ ನಿನ್ನನ್ನು ಮನಸಾರೆ ಪ್ರೀತಿಸುತ್ತಾನೆ. ಅವನನ್ನು ಬಿಟ್ಟು ಹೋಗಬೇಡ.' ಗಿಳಿ ಅದನ್ನೇ ಎತ್ತಲಿ ಎಂದು ಮಡಿಕೆಯಲ್ಲಿ ಬೀಜ ಇಟ್ಟ. ಸಂಜೆಯ ಹೊತ್ತಿಗೆ ಧೈರ್ಯ ಸೋರಿಹೋದೀತೆಂಬ ಭಯಕ್ಕೆ ಚೀಟಿಯನ್ನು ಬೆಳಿಗ್ಗೆಯೇ ಖಾನೆಗೆ ಸೇರಿಸಿಬಿಟ್ಟ. ಎಡವಟ್ಟಾದದ್ದು ಅಲ್ಲೇ.

ಹತ್ತು ಗಂಟೆಗೆ ಕ್ಷೌರಿಕ ಕಸಿಮೀರೋ ಬಂದ. ಎವರಿಸ್ತೋ "ಇವತ್ತು ಗಿಳಿಗೆ ಮೈ ಸರಿ ಇಲ್ಲ ಕಣೋ" ಎನ್ನುವಷ್ಟರಲ್ಲಿ ಗಿಳಿ ಬೀಜ ನುಂಗಿ ಚೀಟಿ ಕೊಟ್ಟಾಗಿತ್ತು.

ಕಸಿಮೀರೋ ಎರಡು ಸಲ ಓದಿದ. "ದಿನಾ ನನ್ನ ಎದುರಿಗಿರೋನು ಯಾರಯ್ಯಾ? ಅಂಗಡೀಲಿ ನನ್ನ ಎದುರಿಗಿರೋದು ಕನ್ನಡಿ... ಅಯ್ಯೋ! ನಾನೇ!" ಅವನ ಕಣ್ಣು ತುಂಬಿತು. "ನನ್ನನ್ನ ನಾನು ಇಷ್ಟು ವರ್ಷ ಎಷ್ಟು ಕಡೆಗಣಿಸಿಬಿಟ್ಟೆ!" ಎಂದವನೇ ಅಂಗಡಿ ಮುಚ್ಚಿ ತನಗೊಂದು ಟೋಪಿ ಕೊಳ್ಳಲು ಹೋದ. ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

ಎವರಿಸ್ತೋ ಇನ್ನೊಂದು ಚೀಟಿ ಬರೆದ, ಇನ್ನೊಂದು ಬೀಜ ಇಟ್ಟ. ಅದು ಪತ್ರಿಕೆ ಮಾರುವ ಬ್ರಿಹೀದಾಳ ಪಾಲಾಯಿತು. ಎಪ್ಪತ್ತು ವರ್ಷದ ಮದುವೆಯಾಗದ ಹೆಂಗಸು. ಅವಳ ಗೂಡಂಗಡಿಯ ಎದುರಿಗಿದ್ದದ್ದು ಕಂಚಿನ ನಾವಿಕನ ಪ್ರತಿಮೆ.

"ನಂಗೆ ಯಾವತ್ತೋ ಅನುಮಾನ ಇತ್ತು ಕಣಯ್ಯ," ಎಂದಳು ಬ್ರಿಹೀದಾ ನಾಚಿಕೊಂಡು. "ಆ ನೋಟ ನೋಡಿದ್ಯಾ?" ಮಧ್ಯಾಹ್ನದ ಹೊತ್ತಿಗೆ ಪ್ರತಿಮೆಯ ಕುತ್ತಿಗೆಗೆ ಉಣ್ಣೆಯ ಮಫ್ಲರು ಬಂದಿತ್ತು.

ಮೂರನೆಯ ಚೀಟಿಯನ್ನು ಎವರಿಸ್ತೋ ನಾಲ್ಕು ಹೊಡೆಯುವವರೆಗೂ ಜೇಬಿನಲ್ಲೇ ಇಟ್ಟುಕೊಂಡು ಆಮೇಲೆ ಯಾರಿಗೂ ಕಾಣದಂತೆ ಖಾನೆಗೆ ಹಾಕಿದ. ಒತೀಲಿಯಾ ಬಂದಳು. ನೀಲಿ ಕೋಟು, ಕೈಯಲ್ಲಿ ಹಗ್ಗ ಬಿಗಿದ ಸೂಟ್‌ಕೇಸು. ಅವಳ ತಲೆಗೂದಲಲ್ಲಿ ಕರಿದ ಈರುಳ್ಳಿಯ ವಾಸನೆ ಇನ್ನೂ ಇತ್ತು. ನಾಳೆಯಿಂದ ಈ ವಾಸನೆಯೂ ಇರುವುದಿಲ್ಲ ಎಂದುಕೊಂಡ ಎವರಿಸ್ತೋ.

ಆದರೆ ಬೆಳಗಿನಿಂದ ಬಂದವರೆಲ್ಲ ಕೊಟ್ಟ ಬೀಜವನ್ನೂ ಮೆದ್ದ ಕ್ಲೋರಿಂದೋ ಹೊಟ್ಟೆ ಉಬ್ಬಿಸಿಕೊಂಡು ನಿದ್ದೆ ಹೊಡೆಯುತ್ತಿದ್ದ.

"ಎಬ್ಬಿಸಯ್ಯಾ!" ಎಂದ ಹೊಸ ಟೋಪಿಯ ಕಸಿಮೀರೋ.

"ಮುಟ್ಟಬೇಡ, ಚೀಟಿ ಕೆಡುತ್ತೆ!" ಎಂದಳು ಬ್ರಿಹೀದಾ.

ಎವರಿಸ್ತೋ ಪೆಟ್ಟಿಗೆಯ ಹಿಡಿ ಹಿಡಿದು ಒಂದೇ ಸಮನೆ ತಿರುಗಿಸಿದ. ಕೊನೆಗೆ ಕ್ಲೋರಿಂದೋ ಒಂದು ಕಣ್ಣು ತೆರೆದ, ಆಕಳಿಸಿದ, ಬೇಕೋ ಬೇಡವೋ ಎಂಬಂತೆ ಬಗ್ಗಿ ಎತ್ತಿದ. ಅದೇ ಚೀಟಿ!

ಒತೀಲಿಯಾ ಓದಿದಳು. "ದಿನವೂ ನನ್ನ ಎದುರಿಗೇ..." ಎಂದು ಮೆಲ್ಲಗೆ ತಲೆ ಎತ್ತಿದಳು. ಎವರಿಸ್ತೋ ಟೋಪಿ ತೆಗೆದು ಎದೆಗೊತ್ತಿಕೊಂಡು ನಿಂತ.

"ನನ್ನ ಕಣ್ಣಿಗೇನಾಗಿತ್ತೋ!" ಎಂದಳು ಅವಳು. "ಹನ್ನೊಂದು ವರ್ಷ ದಿನಾ ನನ್ನ ಹತ್ರ ಮಾತಾಡ್ದೋನು, ಮುಖ ತೊಳಿ ಅಂದೋನು, ಒಲೆ ಹಚ್ಚು ಅಂದೋನು... ಕ್ಲೋರಿಂದೋ, ನೀನೇನೋ!"

ಗಿಳಿಯನ್ನು ಎತ್ತಿ ಕೋಟಿನೊಳಗೆ ಅವಚಿಕೊಂಡಳು. "ದೋನ್ ಎವರಿಸ್ತೋ, ಇವನನ್ನ ಬಿಟ್ಟು ಹೋಗೋಕೆ ನನ್ನಿಂದಾಗಲ್ಲ. ಕರ್ಕೊಂಡು ಹೋಗ್ಲಾ?"

ಬರೆದವನು ನಾನು ಎನ್ನಬಹುದಿತ್ತು. ಮಾತು ನಾಲಗೆಯ ತುದಿಗೂ ಬಂತು. ಆದರೆ ಹಾಗೆಂದುಬಿಟ್ಟರೆ, ಆ ಮೊದಲ ಚೀಟಿಯಿಂದ ಹಿಡಿದು ಅವಳನ್ನು ಎತ್ತಿ ನಿಲ್ಲಿಸಿದ್ದೆಲ್ಲ ಸುಳ್ಳಾಗುತ್ತಿತ್ತು. ಅಷ್ಟು ನಂಬಿಕೆಯಿಂದ ನೋಡುತ್ತಿದ್ದ ಆ ಮುಖ ಬಾಡುವುದನ್ನು ನೋಡುವ ಶಕ್ತಿ ಅವನಿಗಿರಲಿಲ್ಲ.

"ಕರ್ಕೊಂಡು ಹೋಗಿ," ಎಂದ.

ಬಸ್ಸಿನ ಕಿಟಕಿಯಿಂದ ಒತೀಲಿಯಾ ಕೇಳಿದಳು, "ಇವನನ್ನ ಹೇಗೆ ನೋಡ್ಕೋಬೇಕು, ಹೇಳಿ."

ಎವರಿಸ್ತೋ ಬೀಜದ ಪೊಟ್ಟಣ ಅವಳ ಕೈಗಿಟ್ಟ. "ಬೆಳಿಗ್ಗೆ ಎದ್ದ ತಕ್ಷಣ ಒಂದೆರಡು ಮಾತಾಡಿಸಿ. ತಿರುಗಿ ಮಾತಾಡಕ್ಕೆ ಬರಲ್ಲ ಪಾಪ. ಆದ್ರೆ ನೀವು ಅಂದಿದ್ದೆಲ್ಲ ಮನಸ್ಸಲ್ಲಿ ಇಟ್ಕೋತಾನೆ." ಆಮೇಲೆ ಸೇರಿಸಿದ, "ಅಲ್ಲಿ ಗಾಳಿ ಜೋರಂತೆ, ದೋನ್ಯಾ ಒತೀಲಿಯಾ. ಕಿಟಕಿ ಹಾಕ್ಕೊಳ್ಳಿ."

ಅವಳು ಕಿಟಕಿ ಹಾಕಿಕೊಂಡಳು. ಬಸ್ಸು ಹೋಯಿತು.

ಕಸಿಮೀರೋ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಒಂದು ಮಾತು ಹೇಳ್ಲಾ? ಅವಳನ್ನ ಪ್ರೀತಿಸ್ತಿರೋನು ನೀನು ಅಂತ ಇಡೀ ಚೌಕ ಹನ್ನೊಂದು ವರ್ಷದಿಂದ ಅಂದ್ಕೊಂಡಿತ್ತು ಕಣಯ್ಯ."

"ಹೌದಪ್ಪ," ಎಂದು ಬ್ರಿಹೀದಾ ನಿಟ್ಟುಸಿರು ಬಿಟ್ಟಳು. "ಪಾಪ, ಆ ಗಿಳಿ ಮನಸ್ಸಲ್ಲಿ ಏನಿತ್ತು ಅಂತ ನಮಗ್ಯಾರಿಗೂ ಹೊಳೀಲೇ ಇಲ್ಲ."