ಟೈಲರ್ ಮಾಮನ ತುರಿಕೆ

ಬೀದಿಯವರೆಲ್ಲ 'ಟೈಲರ್ ಮಾಮ' ಎಂದು ಕರೆಯುವ ಆ ಮಹಾಶಯರು ಸೋಮವಾರ ಬೆಳಿಗ್ಗೆ ಬಚ್ಚಲಲ್ಲಿ ನಿಂತು ಭೀಷಣ ಪ್ರತಿಜ್ಞೆ ಮಾಡಿದರು. ಮೊಣಕೈ ಮಡಿಕೆಯಲ್ಲಿ ಕೆಂಪು ಕಲೆ ಎದ್ದಿತ್ತು, ಬೆರಳ ಸಂದಿಯಲ್ಲಿ ತಡೆಯಲಾರದ ತುರಿಕೆ. ಕಜ್ಜಿಯೇ ಇರಬೇಕು, ಮುಟ್ಟಿದವರಿಗೆಲ್ಲ ಅಂಟುತ್ತದೆ. ಶನಿವಾರ ಮಗಳು ಮೂರು ತಿಂಗಳ ಕೂಸಿನೊಂದಿಗೆ ಬರುವವಳಿದ್ದಳು. ಮೊಮ್ಮಗಳನ್ನು ಅವರು ಫೋಟೋದಲ್ಲಷ್ಟೇ ನೋಡಿದ್ದರು. "ಅಷ್ಟರೊಳಗೆ ಇದನ್ನ ಹೇಳಹೆಸರಿಲ್ಲದ ಹಾಗೆ ಮಾಡ್ತೀನಿ. ಡಾಕ್ಟರೂ ಬೇಡ, ಯಾರಿಗೂ ತಿಳಿಯೋದೂ ಬೇಡ."

ಬಟ್ಟೆ ಸೋಪು, ಕೈಸುಡುವ ನೀರು, ಕಾಲರ್ ಉಜ್ಜುವ ಬ್ರಷ್ಷು. ದಿನಕ್ಕೆ ಹನ್ನೆರಡು ಸಲ ತಿಕ್ಕಿದರು. ಬುಧವಾರದ ಹೊತ್ತಿಗೆ ಕೆಂಪು ಮಣಿಕಟ್ಟಿಗಿಳಿಯಿತು, ಗುರುವಾರ ಚರ್ಮ ಬಿರಿದು ನೀರೊಸರಿತು. ಮಾಮ ತುಂಬುತೋಳಿನ ಅಂಗಿ ತೊಟ್ಟರು, ತಟ್ಟೆ ಬೇರೆ ಮಾಡಿದರು, ಟವೆಲನ್ನು ಹೊಲಿಗೆ ಮಿಷನ್ನಿನ ಹಿಂದೆ ಬಚ್ಚಿಟ್ಟರು.

"ಯಾಕ್ರೀ ತಟ್ಟೆ ಬೇರೆ?" ಹೆಂಡತಿ ಕೇಳಿದರು.

"ಟೈಲರ್ ಸಂಘದ ಹೊಸ ನಿಯಮ."

"ನನ್ನಿಂದ ಮಾರು ದೂರ ಕೂರೋದೂ ಸಂಘದ ನಿಯಮವೇ?"

ಮಾಮ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದರು.

ಶನಿವಾರ ಬಂದೇಬಿಟ್ಟಿತು. ಮಗಳು ಹೊಸಿಲು ದಾಟಿದವಳೇ ಕೆನ್ನೆ ಮುಚ್ಚುವ ಟೋಪಿ, ಶಾಲು ಸುತ್ತಿದ ಗಂಟನ್ನು ಮುಂದೆ ಚಾಚಿದಳು. "ತಗೋ ಅಪ್ಪ, ನಿನ್ನ ಮೊಮ್ಮಗಳು." ಮಾಮ ಹಾವು ಕಂಡವರಂತೆ ಹಿಂದೆ ಜಿಗಿದರು. ಇಸ್ತ್ರಿ ಮೇಜು ಉರುಳಿತು, ಗುಂಡಿ ಡಬ್ಬಿ ಚೆಲ್ಲಿತು, ಯಾರದೋ ಮದುವೆ ಕೋಟು ನೀರಿನ ಬಕೆಟ್ಟಿನಲ್ಲಿ ತಲೆಕೆಳಗಾಯಿತು.

ಮಗಳ ಕಣ್ಣು ತುಂಬಿತು. "ಹೆಣ್ಣುಮಗು ಅಂತಾನಾ ಅಪ್ಪ?"

ಆ ಮಾತು ಕತ್ತರಿಗಿಂತ ಹರಿತವಾಗಿತ್ತು. ಮಾಮ ಒಳಕೋಣೆ ಹೊಕ್ಕು ಬಾಗಿಲ ಸಂದಿಯಿಂದಲೇ ಅಂಗಿಯ ತೋಳು ಮಡಚಿ ತೋರಿಸಿದರು. "ಕಜ್ಜಿ ಕಣಮ್ಮ. ಕೂಸಿಗೆ ಅಂಟಿಬಿಟ್ಟರೆ ನಾನು ಬದುಕಲ್ಲ."

ಹೆಂಡತಿ ಚಪ್ಪಲಿ ಮೆಟ್ಟಿ ಅವರನ್ನು ಚರ್ಮದ ಡಾಕ್ಟರ ಬಳಿಗೆ ಎಳೆದೊಯ್ದರು.

"ಇದು ಕಜ್ಜಿ ಅಲ್ಲ, ಇಸುಬು, ಅಂದರೆ ಎಕ್ಸಿಮಾ," ಎಂದರು ಡಾಕ್ಟರಮ್ಮ. "ಯಾರಿಗೂ ಅಂಟಲ್ಲ. ಯಾವ ಸೋಪು ಹಾಕ್ತೀರಿ?"

"ಬಟ್ಟೆ ಸೋಪು."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲೇ ಒಣಗಿದ ಚರ್ಮ. ಅದನ್ನೂ ಒಗೆದುಬಿಟ್ಟಿದ್ದೀರಿ. ಉಗುರುಬೆಚ್ಚಗಿನ ನೀರು, ಮೃದು ಸೋಪು, ಬೇಗ ಸ್ನಾನ ಮುಗಿಸಿ. ಟವೆಲಲ್ಲಿ ಉಜ್ಜದೆ ಒತ್ತಿ, ಪಸೆ ಆರೋದ್ರೊಳಗೆ ಈ ಕ್ರೀಮು. ತುರಿಕೆಗೆ ಈ ಮುಲಾಮು, ನಾನು ಹೇಳಿದಷ್ಟು ದಿನ ಮಾತ್ರ. ಉಗುರು ಕತ್ತರಿಸಿ. ಉಣ್ಣೆ ಬಟ್ಟೆ ಹೊಲಿದ ದಿನ ಜಾಸ್ತಿ ಆಗುತ್ತಾ ಅಂತ ಗಮನಿಸಿ. ಪೂರ್ತಿ ಹೋಗದೆ ಇರಬಹುದು, ಆದರೆ ಹತೋಟೀಲಿ ಇಡಬಹುದು."

"ಮೊಮ್ಮಗೂನ ಎತ್ಕೋಬಹುದಾ?"

"ಧಾರಾಳವಾಗಿ."

ಮಾಮ ಮನೆಗೆ ಬಂದು ಕುರ್ಚಿಯಲ್ಲಿ ಕೂತು, ಉಸಿರು ಬಿಗಿಹಿಡಿದು ಕೂಸನ್ನು ಮಡಿಲಿಗೆ ತೆಗೆದುಕೊಂಡರು. ಟೋಪಿ ಸರಿಯಿತು. ಎರಡೂ ಕೆನ್ನೆಯ ಮೇಲೆ ಒರಟಾದ ಕೆಂಪು ಕಲೆ. ಮಾಮನ ಮುಖ ಬಿಳಿಚಿತು. "ಅಯ್ಯೋ, ಮುಟ್ಟಿ ಎರಡು ನಿಮಿಷ ಆಗಿಲ್ಲ!"

"ತಿಂಗಳಿಂದ ಇದೆ ಅಪ್ಪ," ಮಗಳು ತಲೆತಗ್ಗಿಸಿದಳು. "ನೀನು ಗಾಬರಿಯಾಗ್ತೀಯ ಅಂತ ಟೋಪಿ ಹಾಕಿದ್ದೆ. ಇದೂ ಇಸುಬೇ. ವಂಶದಲ್ಲಿ ಯಾರಿಗಾದರೂ ಇದೆಯಾ ಅಂತ ಅಲ್ಲಿ ನಮ್ಮೂರ ಡಾಕ್ಟರು ಕೇಳಿದ್ದರು. ಯಾರಿಗೂ ಇಲ್ಲ ಅಂದುಬಿಟ್ಟಿದ್ದೆ."

ಹೆಂಡತಿ ಕ್ರೀಮಿನ ಮುಚ್ಚಳ ತಿರುಗಿಸುತ್ತ ಹೇಳಿದರು: "ಸಾಕು ಬಿಡಿ, ಬೆರಳು ಚಾಚಿ. ಮಗೂಗೆ ಅಂಟಿಸಬಾರದು ಅಂತ ಐದು ದಿನ ಒದ್ದಾಡಿದ್ರಿ. ಹುಟ್ಟೋಕೆ ಮುಂಚೇನೇ ಕೊಟ್ಟು ಕೂತಿದ್ದೀರಿ."