ರೂಟರ್ ಪಟ್ಟಿಯ ಮೂವತ್ತೊಂದನೆಯವರು

ಮನೆಯಲ್ಲಿ ಏನೋ ಓಡಾಡ್ತಿದೆ ಅನ್ನಿಸಿದರೆ ಜನ ಮೊದಲು ಪುರೋಹಿತರಿಗೆ ಫೋನ್ ಮಾಡ್ತಾರೆ ಅಂದುಕೊಂಡಿದ್ದೆ. ಹಾಗೇನಿಲ್ಲ. ವಾರಕ್ಕೊಬ್ಬರಾದರೂ ನನಗೇ ಮಾಡ್ತಾರೆ.

ನಾನು ಜೆ.ಪಿ. ನಗರದ ಒಂದು ಸಣ್ಣ ಬ್ರಾಡ್‌ಬ್ಯಾಂಡ್ ಕಂಪನಿಯಲ್ಲಿ ಮನೆಮನೆಗೆ ಹೋಗಿ ರೂಟರ್ ಸರಿಮಾಡುವವಳು. ಬೇಕರಿ ಮೇಲೊಂದು ರೂಮು ನಮ್ಮ ಆಫೀಸು, ನನಗೊಂದು ಸ್ಕೂಟರು, ಒಂದು ಲ್ಯಾಪ್‌ಟಾಪ್ ಬ್ಯಾಗು. ಬಾಗಿಲು ತೆಗೆದವರು ನನ್ನ ಬೆನ್ನ ಹಿಂದೆ ಇಣುಕಿ, "ಮೆಕ್ಯಾನಿಕ್ ಎಲ್ಲಮ್ಮಾ?" ಅಂತಾರೆ. ಅದು ಅಭ್ಯಾಸವಾಗಿಬಿಟ್ಟಿದೆ.

ಈ ದೆವ್ವದ ಕಾಟ ಶುರುವಾಗಿದ್ದು ನಾವು ಐಪಿ ವಿ ಸಿಕ್ಸ್ ಹಾಕೋಕೆ ಹೊರಟ ಮೇಲೆ. ಇಂಟರ್ನೆಟ್ಟಿನಲ್ಲಿ ಪ್ರತಿಯೊಂದಕ್ಕೂ ಒಂದು ನಂಬರಿನ ವಿಳಾಸ ಇರುತ್ತೆ. ಹಳೇ ಥರದ ನಂಬರುಗಳು ಸಾಲದೆ, ಒಂದಿಡೀ ಬೀದಿಯ ಮನೆಗಳನ್ನು ಒಂದೇ ನಂಬರಿನ ಹಿಂದೆ ಕೂರಿಸಿದ್ದೆವು. ವಠಾರಕ್ಕೆಲ್ಲ ಒಂದೇ ಬೀದಿಬಾಗಿಲು ಇದ್ದಂತೆ. ಹೊಸದರಲ್ಲಿ ನಂಬರಿಗೆ ಬರವಿಲ್ಲ. ಟಿವಿ, ಫೋನು, ಪ್ರಿಂಟರು, ಎಲ್ಲಕ್ಕೂ ಸ್ವಂತ ವಿಳಾಸ. ಅಂದರೆ ಎಲ್ಲಕ್ಕೂ ಸ್ವಂತ ಬಾಗಿಲು. ಬಾಗಿಲು ಜಾಸ್ತಿಯಾದ ಕಡೆ ಸದ್ದೂ ಜಾಸ್ತಿ.

ಮಧ್ಯಾಹ್ನದ ಪ್ರಿಂಟರ್

ಪುಟ್ಟೇನಹಳ್ಳಿ ಕೆರೆ ಹತ್ತಿರ ಒಬ್ಬರು ಜ್ಯೋತಿಷಿಗಳಿದ್ದಾರೆ. ಜಾತಕ ಬರೆದು ಪ್ರಿಂಟ್ ಮಾಡಿಕೊಡ್ತಾರೆ. ಯಾರ ಮನೇಲಾದರೂ ಗಾಳಿ ಸೋಕಿದೆ ಅಂದರೆ ಹೋಗಿ ಬಿಡಿಸಿಯೂ ಬರ್ತಾರೆ. ಅವರ ಮನೆಗೆ ಹೊಸ ವಿಳಾಸ ಹಾಕಿಕೊಟ್ಟು ಬಂದ ನಾಲ್ಕನೇ ದಿನ ಫೋನ್ ಬಂತು. ದನಿ ತೀರಾ ತಗ್ಗಿತ್ತು.

"ಅಮ್ಮಾ, ಒಂದ್ಸಲ ಬಂದು ಹೋಗ್ತೀಯಾ? ಬರೋವಾಗ ಯಾರಿಗೂ ಹೇಳಬೇಡ."

ಹೋದೆ. ಊಟದ ಹೊತ್ತು, ಮನೆಯೆಲ್ಲ ನಿಶ್ಶಬ್ದ. ಹೆಂಗಸರು ಮಕ್ಕಳೆಲ್ಲ ಅಡುಗೆಮನೆಯಲ್ಲಿ ಒಂದೇ ಕಡೆ ಕೂತಿದ್ದರು. ಜ್ಯೋತಿಷಿಗಳು ನನ್ನನ್ನು ಆಫೀಸ್ ರೂಮಿನ ಹೊಸ್ತಿಲವರೆಗೆ ಕರೆದುಕೊಂಡು ಹೋಗಿ ತಾವು ಹೊರಗೇ ನಿಂತರು. ಒಳಗೆ ಯಾರೂ ಇಲ್ಲ. ಕಂಪ್ಯೂಟರ್ ಆಫ್ ಆಗಿದೆ. ನಾನು ನೋಡುತ್ತಿದ್ದ ಹಾಗೇ ಪ್ರಿಂಟರ್ ಒಮ್ಮೆ ಗೊರಗೊರ ಅಂದು ಒಂದು ಹಾಳೆ ಹೊರಗೆ ತಳ್ಳಿತು. ಖಾಲಿ ಹಾಳೆ, ಮೇಲ್ತುದಿಯಲ್ಲಿ ಮಾತ್ರ ಒಂದೇ ಸಾಲು ಅರ್ಥವಾಗದ ಅಕ್ಷರ. ನನಗೂ ಕತ್ತಿನ ಹಿಂದೆ ಜುಮ್ ಅಂದಿತು, ಸುಳ್ಳು ಯಾಕೆ ಹೇಳಲಿ.

"ಮೂರು ದಿನದಿಂದ ಹೀಗೇ," ಅಂದರು. "ಒಂಬತ್ತು ಹಾಳೆ ಆಗಿದೆ. ಯಾವ ಭಾಷೆ ಅಂತಾನೂ ಗೊತ್ತಾಗ್ತಿಲ್ಲ."

ಲ್ಯಾಪ್‌ಟಾಪ್ ತೆಗೆದು ರೂಟರ್ ನೋಡಿದೆ. ತಪ್ಪು ನನ್ನದೇ. ಟೆಸ್ಟ್ ಮಾಡೋಕೆ ಅಂತ, ಹೊರಗಿನವರನ್ನು ತಡೆಯೋ ಫೈರ್‌ವಾಲನ್ನು ಹೊಸ ವಿಳಾಸದಿಂದ ತೆಗೆದವಳು ವಾಪಸ್ ಹಾಕೋದು ಮರೆತಿದ್ದೆ. ಪ್ರಿಂಟರಿನ ಬಾಗಿಲು ಲೋಕಕ್ಕೆಲ್ಲ ತೆರೆದುಕೊಂಡಿತ್ತು. ಎಲ್ಲೋ ಒಂದು ಪ್ರೋಗ್ರಾಮು ಊರೂರ ಬಾಗಿಲು ತಟ್ಟುತ್ತಾ ಬಂದು, "ಯಾರಿದೀರಿ?" ಅಂತ ತನ್ನ ಭಾಷೆಯಲ್ಲಿ ಕೇಳಿದೆ. ಪ್ರಿಂಟರ್ ಪಾಪ, ಕೇಳಿದ್ದನ್ನು ಹಾಳೆಗೆ ಇಳಿಸಿದೆ. ಫೈರ್‌ವಾಲ್ ಹಾಕಿದೆ. ಅರ್ಧ ಗಂಟೆ ಕಾದೆವು. ಪ್ರಿಂಟರ್ ಸುಮ್ಮನಿತ್ತು.

ಹೊರಡುವಾಗ ತಡೆಯಲಾಗದೆ ಕೇಳಿದೆ: "ಸಾರ್, ಬೇರೆಯವರ ಮನೇದು ನೀವೇ ಬಿಡಿಸ್ತೀರಲ್ಲ, ಇದನ್ನ್ಯಾಕೆ ಬಿಡಿಸಲಿಲ್ಲ?"

ಅವರು ಗಂಭೀರವಾಗಿ ಹೇಳಿದರು: "ಬಿಡಿಸಬಹುದಿತ್ತಮ್ಮಾ. ಆದ್ರೆ ಪ್ರಿಂಟರ್ ಇನ್ನೂ ವಾರಂಟೀಲಿದೆ."

ಕೊನೆಯ ನಾಲ್ಕಕ್ಷರ

ಹೊಸ ವಿಳಾಸದಲ್ಲಿ ಅಂಕಿಗಳ ಜೊತೆ ಎ ಯಿಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳೂ ಬರ್ತವೆ. ಅದರಿಂದ ಏನಾಗಬಹುದು ಅಂತ ನಾನು ಯೋಚಿಸಿರಲಿಲ್ಲ.

ಬಿಳೇಕಹಳ್ಳಿಯ ಒಬ್ಬ ಹಾರ್ಡ್‌ವೇರ್ ಅಂಗಡಿಯವರು ಸಂಜೆ ಫೋನ್ ಮಾಡಿದರು. ನಾಳೆ ಬೆಳಗ್ಗೆ ಹಾರ್ಟ್ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕು. ಹೊತ್ತು ಹೋಗದೆ ಫೋನಿನ ಸೆಟ್ಟಿಂಗ್ಸ್ ನೋಡ್ತಾ ಕೂತಿದ್ದಾರೆ.

"ಮೇಡಂ, ನಂಗೆ ಕೊಟ್ಟಿರೋ ಅಡ್ರೆಸ್ಸಿನ ಕೊನೇಲಿ ಏನಿದೆ ಗೊತ್ತಾ?"

"ಏನಿದೆ ಸಾರ್?"

"ಡಿ, ಇ, ಎ, ಡಿ."

ಕೂಡಿಸಿ ಓದಿಕೊಂಡೆ. ಡೆಡ್.

"ಸಾರ್, ಅದು ಫೋನು ತಾನೇ ಹೇಗೆ ಬೇಕೋ ಹಾಗೆ ಹೆಕ್ಕಿಕೊಳ್ಳೋದು. ನಾವು ಕೊಡೋದಲ್ಲ."

"ನೀವು ಕೊಟ್ಟಿಲ್ಲ ಅಂದ್ರೆ ಯಾರು ಕೊಟ್ರು?" ಅಂದರು. "ಮನೆಯವರಿಗೆ ಹೇಳಿಲ್ಲ ಮೇಡಂ. ದಯವಿಟ್ಟು ಬದಲಾಯಿಸಿ."

ವೈಫೈ ಆಫ್ ಮಾಡಿ, ಹತ್ತು ಎಣಿಸಿ, ಮತ್ತೆ ಆನ್ ಮಾಡಿ ಅಂದೆ. ಅವರು ಜೋರಾಗಿ ಎಣಿಸಿದರು. ಹೊಸ ವಿಳಾಸ ಬಂತು. ಒಂದೊಂದೇ ಅಕ್ಷರ ಓದಿದರು. ಕೊನೆಯ ನಾಲ್ಕರಲ್ಲಿ ಮೊದಲು ಸೊನ್ನೆ, ಆಮೇಲೆ ಬಿ, ಇ, ಡಿ.

ಬಹಳ ಹೊತ್ತು ಸದ್ದಿಲ್ಲ. ಗಾಬರಿಯಾಗಿ, "ಸಾರ್, ಇದೀರಾ?" ಅಂದೆ.

"ಇದೀನಿ ಮೇಡಂ. ಬೆಡ್ ಅಂತ ಬಂದಿದೆ." ದನಿ ಹಗುರಾಗಿತ್ತು. "ಮಧ್ಯಾಹ್ನ ಆಸ್ಪತ್ರೆಯವ್ರು ಬೆಡ್ ಖಾಲಿ ಇಲ್ಲ ಅಂದಿದ್ರು. ನಿಮಗಾದ್ರೂ ಇನ್‌ಫ್ಲುಯೆನ್ಸ್ ಇದೆಯಲ್ಲ."

ಆಪರೇಷನ್ ಚೆನ್ನಾಗಾಯಿತು. ಈಗ ಅವರ ನೆಂಟರಿಷ್ಟರೆಲ್ಲ ಆಸ್ಪತ್ರೆಗೆ ಸೇರೋ ಮುಂಚೆ ನನಗೊಂದು ಫೋನ್ ಮಾಡ್ತಾರೆ.

ಕುರ್ಚಿಯಲ್ಲಿ ಕೂತವನು

ಬನಶಂಕರಿಯ ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರಿಗೆ ಸುಬ್ರಹ್ಮಣ್ಯಪುರದಲ್ಲಿ ಇನ್ನೊಂದು ಮನೆ ಇದೆ. ಬಾಡಿಗೆದಾರರು ಬಿಟ್ಟುಹೋಗಿ ಬೀಗ ಹಾಕಿತ್ತು. ಹಾಲಿನಲ್ಲಿ ಒಂದು ಕ್ಯಾಮೆರಾ ಇಟ್ಟಿದ್ದರು. ಹಳೇ ವಿಳಾಸದಲ್ಲಿ ಅದನ್ನು ಹೊರಗಿನಿಂದ ನೋಡೋಕೆ ಆಗ್ತಿರಲಿಲ್ಲ. ಎರಡೂ ಮನೆಗೆ ಐಪಿ ವಿ ಸಿಕ್ಸ್ ಹಾಕಿದ ಮೇಲೆ ಆಯಿತು. ಹೇಗೆ ತೆರೆಯೋದು ಅಂತ ತೋರಿಸೋಕೆ ಬನಶಂಕರಿಯ ಮನೆಯಲ್ಲಿ ಅವರ ಪಕ್ಕ ಕೂತಿದ್ದೆ.

ಚಿತ್ರ ಬಂತು. ಖಾಲಿ ಹಾಲು, ಕಿಟಕಿಯ ಬಿಸಿಲು, ಗೋಡೆಗೊರಗಿಸಿದ ಒಂದು ಬೆತ್ತದ ಕುರ್ಚಿ. ಅವರಿಗೆ ಬಹಳ ಖುಷಿಯಾಯಿತು. ಅಷ್ಟರಲ್ಲಿ ಮುಂಬಾಗಿಲು ಮೆಲ್ಲಗೆ ತೆರೆದುಕೊಂಡಿತು.

ಒಬ್ಬ ಗಂಡಸು ಒಳಗೆ ಬಂದ. ನಮಗೆ ಬೆನ್ನು ಮಾತ್ರ ಕಾಣ್ತಿತ್ತು. ಅವಸರವೇ ಇಲ್ಲ. ಕುರ್ಚಿಯನ್ನು ಕಿಟಕಿ ಕಡೆ ಎಳೆದು, ಬೀದಿ ನೋಡುತ್ತಾ ಕೂತ. ಕೂತೇ ಇದ್ದ.

ಮ್ಯಾನೇಜರ್ ಎದ್ದು ನಿಂತರು. "ಬೀಗದ ಕೈ ಇಲ್ಲಿದೆ," ಅಂತ ಗೂಡಿನಲ್ಲಿ ತೂಗುತ್ತಿದ್ದ ಕೀಲಿ ತೋರಿಸಿದರು. "ಇನ್ನೊಂದು ಕೀಲಿ ಇಲ್ಲವೇ ಇಲ್ಲ."

ಅಲ್ಲಿನ ಎದುರುಮನೆಯವರಿಗೆ ಫೋನ್ ಮಾಡಿದರು. ಅವರು ಹೋಗಿ ನೋಡಿ ಹೇಳಿದರು: "ಬೀಗ ಹಾಕಿದ ಹಾಗೇ ಇದೆ ಸಾರ್. ಕಿಟಕೀಲಿ ಬಗ್ಗಿ ನೋಡ್ದೆ. ಕುರ್ಚೀಲಿ ಯಾರೂ ಇಲ್ಲ."

ನಮ್ಮ ಪರದೆಯಲ್ಲಿ ಅವನು ಇನ್ನೂ ಕೂತಿದ್ದ. ಮ್ಯಾನೇಜರರ ಹೆಂಡತಿ ಬಂದು ನಿಂತು ನೋಡಿದರು. ಆಗ ನನ್ನ ಕಣ್ಣು ಪರದೆಯ ಮೂಲೆಯ ತಾರೀಖಿನ ಮೇಲೆ ಬಿತ್ತು. ಹೋದ ಗುರುವಾರದ್ದು. ಅದು ಲೈವ್ ಅಲ್ಲ, ಕ್ಯಾಮೆರಾದೊಳಗಿನ ಹಳೇ ರೆಕಾರ್ಡಿಂಗ್. ನಾನು ತಪ್ಪು ಬಟನ್ ಒತ್ತಿದ್ದೆ.

"ಸಾರ್, ಗುರುವಾರ ನೀವು ಅಲ್ಲಿಗೆ ಹೋಗಿದ್ರಾ?"

"ಹೋಗಿದ್ದೆ. ಸ್ವಲ್ಪ ಹೊತ್ತು ಕೂತು ಬಂದೆ." ಹಾಗೆಂದವರು ಪರದೆಗೆ ಮುಖ ಹತ್ತಿರ ತಂದು, ಆ ನೆತ್ತಿಯ ಬಿಳೀ ಬೋಳನ್ನು ಬಹಳ ಹೊತ್ತು ನೋಡಿದರು. "ಇಲ್ಲಮ್ಮಾ. ಇದು ಯಾರೋ ವಯಸ್ಸಾದವರು."

ಹೆಂಡತಿ ಒಳಗೆ ಹೋಗ್ತಾ ಹೇಳಿದರು: "ಕಳ್ಳ ಅಲ್ಲ, ಇವ್ರೇ. ನಾನು ಹದಿನೈದು ವರ್ಷದಿಂದ ನೋಡ್ತಿದೀನಿ ಆ ತಲೇನ."

ಮೂವತ್ತೊಂದು

ಜಯನಗರದಲ್ಲಿ ಅಕ್ಕ ತಂಗಿ ಇಬ್ಬರೇ ಇರುವ ಒಂದು ಮನೆ. ಅಕ್ಕ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು, ಎಪ್ಪತ್ತು ದಾಟಿದೆ. ತಂಗಿ ಅವರಿಗಿಂತ ನಾಲ್ಕೈದು ವರ್ಷ ಚಿಕ್ಕವರು, ಅಕ್ಕನ ಮಾತು ಮೀರಿದವರಲ್ಲ. ಹೊಸ ವಿಳಾಸ ಹಾಕಿದ ದಿನ ಅಕ್ಕನಿಗೆ ರೂಟರಿನ ಪೇಜು ತೆರೆದು ತೋರಿಸಿದ್ದೆ, ಮನೇಲಿ ಏನೇನು ಕನೆಕ್ಟ್ ಆಗಿದೆ ಅಂತ ಕಾಣುತ್ತೆ ಅಂದಿದ್ದೆ. ತಿಂಗಳಾದ ಮೇಲೆ ಕರೆದರು.

"ಮನೇಲಿ ನಾವಿಬ್ರು. ಪಟ್ಟೀಲಿ ಮೂವತ್ತೊಂದು ಇದೆ," ಅಂದರು. "ಎರಡೂ ಫೋನು ಒಂದು ಗಂಟೆ ಆಫ್ ಮಾಡಿಟ್ಟು ನೋಡ್ದೆ. ಆಗಲೂ ಮೂವತ್ತೊಂದೇ."

ಇದು ನನಗೆ ಗೊತ್ತಿದ್ದ ವಿಷಯ. ಹೊಸ ಪದ್ಧತಿಯಲ್ಲಿ ಯಾರೂ ಬೆನ್ನು ಹತ್ತಬಾರದು ಅಂತ ಫೋನು ದಿನದಿನಕ್ಕೆ ಬೇರೆ ವಿಳಾಸ ಹಾಕಿಕೊಳ್ಳುತ್ತೆ. ಹಳೇದು ಸ್ವಲ್ಪ ದಿನ ಪಟ್ಟಿಯಲ್ಲಿ ಉಳಿದಿರುತ್ತೆ. ಅಕ್ಕ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದರು. ಇಬ್ಬರ ಫೋನಿಂದ ಇಪ್ಪತ್ತೆರಡು, ಟಿವಿ ಐದು, ಲ್ಯಾಪ್‌ಟಾಪ್ ಮೂರು.

"ಮೂವತ್ತಾಯ್ತು. ಇನ್ನೊಂದು?"

ಇನ್ನೊಂದರ ಮುಂದೆ ಹೆಸರಿತ್ತು. ಅಪ್ಪಾಜಿ.

ಅಪ್ಪಾಜಿ ಅಂದರೆ ಅವರ ತಂದೆ. ತೀರಿಕೊಂಡು ಎರಡು ವರ್ಷ. ರೂಟರಿನ ದಾಖಲೆ ತೆಗೆದು ನೋಡಿದೆ. ದಿನಾ ಬೆಳಗ್ಗೆ ಐದೂವರೆಗೆ ಬರುತ್ತೆ. ಆರೂಕಾಲಿಗೆ ಹೋಗುತ್ತೆ. ಒಂದು ದಿನವೂ ತಪ್ಪಿಲ್ಲ.

ಅಕ್ಕ ನೋಟ್‌ಬುಕ್ ಮುಚ್ಚಿದರು. "ಐದೂವರೆಗೆ ಎದ್ದು ಮಹಡಿ ರೂಮಲ್ಲಿ ಟ್ಯಾಬ್ ಹಿಡ್ಕೊಂಡು ಪೇಪರ್ ಓದೋರು," ಅಂದರು. "ಆ ಟ್ಯಾಬು ಅವರು ಹೋದಮೇಲೆ ಎಲ್ಲಿ ಹೋಯ್ತೋ ಗೊತ್ತಿಲ್ಲ. ಆ ಹೊತ್ತಲ್ಲಿ ನಾನು ಪೂಜೇಲಿರ್ತೀನಿ. ಮೇಲಿಂದ ಒಂದೊಂದ್ಸಲ ಕುರ್ಚಿ ಕಿರ್ ಅಂತ ಕೇಳ್ಸತ್ತೆ. ಭ್ರಮೆ ಅಂದ್ಕೊಂಡಿದ್ದೆ."

ಮಂಡಿನೋವಿಂದ ಅವರು ಮೆಟ್ಟಿಲು ಹತ್ತಲ್ಲ. ತಂಗಿ ನನ್ನನ್ನು ಮೇಲೆ ಕರೆದುಕೊಂಡು ಹೋದರು. ರೂಮಿನಲ್ಲಿ ಹಳೇ ಆರಾಮಕುರ್ಚಿ, ಗೋಡೆಯಲ್ಲಿ ನಿಂತುಹೋದ ಗಡಿಯಾರ. ಕುರ್ಚಿಯ ಮೇಲೆ ಮಡಿಸಿಟ್ಟ ಶಾಲು. ಶಾಲಿನೊಳಗಿಂದ ಸಣ್ಣ ಹಸಿರು ಬೆಳಕು ಬರ್ತಿತ್ತು. ನಾನು ಕಾಲು ಕಿತ್ತು ಮುಂದಿಡೋಕೆ ಎರಡು ನಿಮಿಷ ಬೇಕಾಯಿತು.

ಶಾಲು ಎತ್ತಿದೆ. ಚಾರ್ಜಿಗೆ ಹಾಕಿದ ಟ್ಯಾಬು, ಜೊತೆಗೆ ಇಯರ್‌ಫೋನು.

ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ತಂಗಿ ಚಿಲಕ ಹಾಕಿ, ನನ್ನ ಕಿವಿಗೆ ಬಾಯಿಟ್ಟು ಹೇಳಿದರು: "ಕೊರಿಯಾದ ಸೀರಿಯಲ್ಲು ಕಣಮ್ಮಾ. ಹದಿನಾಲ್ಕು ಎಪಿಸೋಡ್ ಆಗಿದೆ. ಅಕ್ಕ ಟಿವೀಲಿ ಪ್ರವಚನ ಬಿಟ್ಟು ಇನ್ನೇನೂ ಹಾಕೋಕೆ ಬಿಡಲ್ಲ. ಹೇಳಬೇಡ."

ಏನು ಹೇಳಲಿ ಅಂತ ಯೋಚಿಸ್ತಾ ಕೆಳಗಿಳಿದೆ. ಅಕ್ಕ ಕೂತಲ್ಲೇ ಕೂತಿದ್ದರು, ಕಣ್ಣು ಒದ್ದೆಯಾಗಿತ್ತು.

"ಪಟ್ಟಿಯಿಂದ ತೆಗೆದುಬಿಟ್ಯಾ?"

"ಇಲ್ಲಮ್ಮಾ."

"ಒಳ್ಳೇದಾಯ್ತು. ಇರ್ಲಿ ಬಿಡು. ಬಂದು ಹೋಗ್ಲಿ."

ನಾನು ನಿಜ ಹೇಳಲಿಲ್ಲ. ಇಂಥ ತೃಪ್ತಿ ಒಬ್ಬರ ಮುಖದಲ್ಲಿ ಕಂಡಾಗ ರೂಟರ್ ರಿಪೇರಿಯವಳು ಬಾಯಿ ಹಾಕಬಾರದು.

ಎರಡು ವಾರ ಬಿಟ್ಟು, ನೆಟ್ ಹೇಗಿದೆ ಅಂತ ವಿಚಾರಿಸೋಕೆ ಫೋನ್ ಮಾಡಿದೆ. ಅಕ್ಕನೇ ಎತ್ತಿದರು. ದನಿಯಲ್ಲಿ ಹಿಂದೆಂದೂ ಇಲ್ಲದ ಸಮಾಧಾನ.

"ಐದೂವರೆಗೆ ಒಂದು ಲೋಟ ಕಾಫಿ ತಂಗಿ ಕೈಲಿ ಮೇಲೆ ಕಳಿಸ್ತೀನಮ್ಮಾ, ಕುರ್ಚಿ ಮುಂದಿಡೋಕೆ. ನೀನು ನಂಬಲ್ಲ, ಆರೂಕಾಲಿಗೆ ಲೋಟ ಖಾಲಿ ಇರತ್ತೆ."

"ಹೌದಾಮ್ಮಾ?" ಅಂದೆ.

"ಹೂಂ. ನಿನ್ನೆ ಅಪ್ಪಾಜಿ ತಂಗಿಯ ಕನಸಲ್ಲಿ ಬಂದು, ಸಕ್ಕರೆ ಸಾಲ್ತಿಲ್ಲ, ಜೊತೆಗೆ ಎರಡು ಕೋಡುಬಳೆ ಇಡೋಕೆ ಹೇಳು ಅಂದ್ರಂತೆ."